ಮಿದುಳಿನ ಚಿತ್ರದಲ್ಲಿ ಮಾತು, ಭಯ, ಮನಸ್ಸು: ಮೂರ್ಛೆರೋಗದ ಬಗ್ಗೆ ಓದುಗರು ಕೇಳಿದ್ದು

ಫಿಟ್ಸ್ ಇರುವವರಿಗೆ ಮಾಡುವ ‘ಫಂಕ್ಷನಲ್ ಎಂಆರ್‌ಐ’ ಬಗ್ಗೆ ಬಂದ ಪತ್ರಗಳಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಯವನ್ನು ಈ ಸಲ ತೆಗೆದುಕೊಂಡಿದ್ದೇವೆ. ನರರೋಗ, ರೇಡಿಯಾಲಜಿ ಮತ್ತು ನರಮನೋವಿಜ್ಞಾನ ವಿಭಾಗದವರು ಕೂಡಿ ಉತ್ತರಿಸಿದ್ದಾರೆ. ಪತ್ರ ಬರೆದವರ ಊರಷ್ಟೇ ಹಾಕಿದೆ, ಹೆಸರಿಲ್ಲ.

ಪ್ರ: ನನ್ನ ತಮ್ಮನಿಗೆ 24 ವರ್ಷ. ಹತ್ತನೇ ವಯಸ್ಸಿನಿಂದ ಫಿಟ್ಸ್. ಎರಡು ತರಹದ ಮಾತ್ರೆ ಪೂರ್ತಿ ಡೋಸಿನಲ್ಲಿ ನುಂಗಿದರೂ ತಿಂಗಳಿಗೆ ಮೂರ್ನಾಲ್ಕು ಸಲ ಬರುತ್ತದೆ. ಎಂಆರ್‌ಐನಲ್ಲಿ ಎಡಗಡೆ ಟೆಂಪೊರಲ್ ಹಾಲೆಯಲ್ಲಿ (ಕಿವಿಯ ಬದಿಯ ಮಿದುಳಿನ ಭಾಗ) ಕಲೆ ಇದೆ ಅಂದರು. ಆಪರೇಷನ್ ಮಾತು ಬಂದ ಮೇಲೆ ಫಂಕ್ಷನಲ್ ಎಂಆರ್‌ಐ ಬರೆದುಕೊಟ್ಟಿದ್ದಾರೆ. ಒಂದು ಎಂಆರ್‌ಐ ಆಗಿದೆಯಲ್ಲ, ಮತ್ತೆ ಯಾಕೆ? — ಗಂಗಾವತಿ

ಉ: ಮೊದಲ ಎಂಆರ್‌ಐ ತೋರಿಸಿದ್ದು ಮಿದುಳಿನ ಆಕಾರವನ್ನು: ಆ ಹಾಲೆಯೊಳಗೆ ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್ ಕುಗ್ಗಿದೆಯೇ, ಕಲೆ ಎಷ್ಟು ದೊಡ್ಡದು ಎಂದು. ಆ ಕಲೆಯ ಪಕ್ಕದಲ್ಲೇ ಮಾತಿನ ಕೆಲಸ ನಡೆಯುತ್ತಿದೆಯೇ ಎಂಬುದು ಅದರಲ್ಲಿ ಕಾಣುವುದಿಲ್ಲ. ಬಲಗೈ ಬಳಸುವವರಲ್ಲಿ ನೂರಕ್ಕೆ ಸುಮಾರು 95 ಜನರಿಗೆ, ಎಡಚರಲ್ಲಿ 70ರಿಂದ 75 ಜನರಿಗೆ ಮಾತಿನ ಕೆಲಸ ಎಡಗಡೆ. ಆದರೆ ಚಿಕ್ಕಂದಿನಿಂದಲೇ ಎಡ ಟೆಂಪೊರಲ್ ಹಾಲೆಯಲ್ಲಿ ತೊಂದರೆ ಇದ್ದವರ ಲೆಕ್ಕ ಬೇರೆ. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾತು ಬಲಗಡೆಗೆ ಸರಿದಿರುತ್ತದೆ, ಇಲ್ಲವೇ ಎರಡೂ ಕಡೆ ಹಂಚಿಕೊಂಡಿರುತ್ತದೆ. ನಿಮ್ಮ ತಮ್ಮ ಯಾವ ಗುಂಪಿನವರು ಎಂದು ಊಹಿಸಿ ಕತ್ತರಿ ಹಿಡಿಯಲಾಗದು.

ಈ ಸ್ಕ್ಯಾನಿನ ತತ್ವ ಇಷ್ಟು. ಮಿದುಳಿನ ಯಾವ ಭಾಗ ಕೆಲಸಕ್ಕಿಳಿಯುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿದು ಬರುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಕಾಂತಗುಣದಲ್ಲಿ ವ್ಯತ್ಯಾಸ ಇದೆ. ಜಪಾನಿನ ವಿಜ್ಞಾನಿ ಸೇಜಿ ಒಗಾವಾ 1990ರಲ್ಲಿ ಇದನ್ನು ಚಿತ್ರವಾಗಿ ಹಿಡಿದು ತೋರಿಸಿದರು. ವ್ಯತ್ಯಾಸ ತೀರಾ ಸಣ್ಣದು, ನೂರಕ್ಕೆ ಒಂದರಿಂದ ಮೂರರಷ್ಟು. ಹಾಗಾಗಿ ಒಂದು ಚಿತ್ರದಿಂದ ಏನೂ ತಿಳಿಯದು. 30 ಸೆಕೆಂಡು ಕೆಲಸ, 30 ಸೆಕೆಂಡು ಬಿಡುವು, ಹೀಗೆ ಐದು ಸುತ್ತು ಮಾಡಿಸುತ್ತಾರೆ. ಅಷ್ಟೂ ಹೊತ್ತು ಎರಡು ಮೂರು ಸೆಕೆಂಡಿಗೊಮ್ಮೆ ಇಡೀ ತಲೆಯ ಚಿತ್ರ ತೆಗೆಯುತ್ತಲೇ ಇರುತ್ತಾರೆ. ಕೆಲಸ ಶುರುವಾಗಿ ಐದಾರು ಸೆಕೆಂಡಿನ ನಂತರವೇ ರಕ್ತದ ಹರಿವು ಏರಿ ಕಾಣುತ್ತದೆ. ಕೆಲಸದ ಜೊತೆ ಏರಿ, ಬಿಡುವಿನ ಜೊತೆ ಇಳಿಯುವ ಬಿಂದುಗಳನ್ನು ಕಂಪ್ಯೂಟರ್ ಆರಿಸಿ ಬಣ್ಣ ಹಚ್ಚುತ್ತದೆ.

ಕೆಲಸ ಎಂದರೆ: ‘ಕ’ ಅಕ್ಷರದ ಪದಗಳನ್ನು ನೆನೆಯಿರಿ, ‘ನೀರು’ ಅಂದಾಗ ‘ಕುಡಿ’ ಎಂಬಂತೆ ಕ್ರಿಯಾಪದ ಹುಡುಕಿ, ಚಿತ್ರ ನೋಡಿ ಹೆಸರು ಹೇಳಿ, ಕಥೆ ಕೇಳಿ. ಹೆಚ್ಚಿನವನ್ನು ಮನಸ್ಸಿನಲ್ಲೇ ಮಾಡಬೇಕು. ಬಾಯಿಬಿಟ್ಟು ಹೇಳಿದರೆ ದವಡೆಯ ಜೊತೆ ತಲೆ ಅಲ್ಲಾಡುತ್ತದೆ, ಮೂರು ಮಿಲಿಮೀಟರ್ ಸರಿದರೂ ಆ ಸುತ್ತು ಹಾಳು. ಆದರೆ ಮನಸ್ಸಿನಲ್ಲೇ ಮಾಡಿದರೋ, ನಿದ್ದೆ ಹೋದರೋ ಹೊರಗಿನವರಿಗೆ ತಿಳಿಯದಲ್ಲ! ಅದಕ್ಕೆ ನಡುನಡುವೆ ಗುಂಡಿ ಒತ್ತುವ ಕೆಲಸ ಸೇರಿಸುತ್ತಾರೆ. ಸ್ಕ್ಯಾನ್ ಕೋಣೆಗೆ ಹೋಗುವ ಮೊದಲು ಹೊರಗೆ ಕೂರಿಸಿ ಒಂದು ಸಲ ಪೂರ್ತಿ ಅಭ್ಯಾಸ ಮಾಡಿಸಬೇಕು. ಮಾಡಿಸದಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ. ಕೆಟ್ಟ ಸ್ಕ್ಯಾನುಗಳಲ್ಲಿ ಬಹಳಷ್ಟು ಕೆಡುವುದು ಯಂತ್ರದಿಂದಲ್ಲ, ಏನು ಮಾಡಬೇಕೆಂದು ರೋಗಿಗೆ ಅರ್ಥವಾಗದೆ.

ಇದಕ್ಕೂ ಮೊದಲಿನ ವಿಧಾನ ಜಪಾನ್ ಮೂಲದ ವೈದ್ಯ ಜುನ್ ವಾಡಾ 1949ರಲ್ಲಿ ವಿವರಿಸಿದ್ದು. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಗೆಯನ್ನು ಕತ್ತಿನ ರಕ್ತನಾಳದವರೆಗೆ ಏರಿಸಿ, ಔಷಧ ಬಿಟ್ಟು, ಮಿದುಳಿನ ಅರ್ಧ ಭಾಗವನ್ನು ಕೆಲ ನಿಮಿಷ ಮಲಗಿಸಿ, ಮಾತು ನಿಲ್ಲುತ್ತದೆಯೇ ನೋಡುವುದು. ಫಂಕ್ಷನಲ್ ಎಂಆರ್‌ಐನಲ್ಲಿ ಚುಚ್ಚುವುದಿಲ್ಲ, ವಿಕಿರಣ ಇಲ್ಲ. ಟೆಂಪೊರಲ್ ಹಾಲೆಯ ಮೂರ್ಛೆಯಲ್ಲಿ ವಾಡಾ ಪರೀಕ್ಷೆಯ ಬದಲಿಗೆ ಇದನ್ನು ಪರಿಗಣಿಸಬಹುದು ಎಂದು ಅಮೆರಿಕದ ನರವೈದ್ಯರ ಅಕಾಡೆಮಿ 2017ರ ಮಾರ್ಗಸೂಚಿಯಲ್ಲಿ ಹೇಳಿತು. ಫಲಿತಾಂಶ ಗೊಂದಲವಾದಾಗ ಮಾತ್ರ ಹಳೆಯ ಪರೀಕ್ಷೆಗೆ ಹೋಗುತ್ತಾರೆ.

ಒಂದು ಎಚ್ಚರಿಕೆ: ಬಣ್ಣ ಬಂದ ಜಾಗವೆಲ್ಲ ಮುಟ್ಟಬಾರದ ಜಾಗವಲ್ಲ, ಬಣ್ಣ ಬಾರದ ಜಾಗವೆಲ್ಲ ತೆಗೆದುಹಾಕಬಹುದಾದ ಜಾಗವೂ ಅಲ್ಲ. ಮಾತು ಯಾವ ಕಡೆ ಎಂದು ಹೇಳುವುದರಲ್ಲಿ ಈ ಪರೀಕ್ಷೆ ಗಟ್ಟಿ. ಎಷ್ಟು ಮಿಲಿಮೀಟರಿನವರೆಗೆ ತೆಗೆಯಬಹುದು ಎಂಬುದಕ್ಕೆ ಶಸ್ತ್ರವೈದ್ಯರು ಬೇಕಾದಾಗ ಎಚ್ಚರವಿರುವ ರೋಗಿಯ ಮಿದುಳಿಗೆ ಸಣ್ಣ ವಿದ್ಯುತ್ ಕೊಟ್ಟು ನೋಡುತ್ತಾರೆ.

ಪ್ರ: ನಮ್ಮ ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಬರದವರಿಗೆ ಈ ಪರೀಕ್ಷೆ ಆಗುತ್ತದೆಯೇ? — ಲಿಂಗಸುಗೂರು

ಉ: ಧಾರಾಳವಾಗಿ ಆಗುತ್ತದೆ, ಕೆಲಸವನ್ನು ಕಿವಿಗೆ ಬದಲಾಯಿಸಿದರೆ. ಅಕ್ಷರ ಬರದವರಿಗೆ ‘ಕ’ದಿಂದ ಪದ ಹೇಳಿ ಎಂದರೆ ಮಿದುಳು ತಿಣುಕುತ್ತದೆ, ಚಿತ್ರ ಸಪ್ಪೆ ಬರುತ್ತದೆ, ಮಾತು ಎರಡೂ ಕಡೆ ಇದೆ ಎಂಬ ತಪ್ಪು ವರದಿ ಹುಟ್ಟುತ್ತದೆ. ಬದಲಿಗೆ ಗುಂಪಿನ ಹೆಸರು ಕೊಡಬೇಕು: ಕಾಳುಗಳು, ತರಕಾರಿಗಳು, ದನಕರುಗಳು. ಇಲ್ಲವೇ ಒಗಟಿನಂತೆ ಕೇಳಿಸಬೇಕು: ‘ಬೀಜ ಬಿತ್ತಲು ಎತ್ತಿನ ಹಿಂದೆ ಕಟ್ಟುವುದು ಯಾವುದು?’ ಕೂರಿಗೆ ಎಂದು ನಿಮ್ಮ ಅವ್ವ ಕ್ಷಣದಲ್ಲಿ ಹೇಳುತ್ತಾರೆ. ಪರದೇಶದ ಪರೀಕ್ಷೆಯಲ್ಲಿರುವ, ನಮ್ಮ ಕಡೆ ಕಾಣದ ವಸ್ತುಗಳ ಚಿತ್ರಪಟ್ಟಿ ಹಿಡಿದರೆ ಅವರಿಗೆ ಹೆಸರು ಹೊಳೆಯದಿದ್ದದ್ದು ಮಿದುಳಿನ ದೋಷವೋ ಅಪರಿಚಿತ ವಸ್ತುವಿನ ದೋಷವೋ ತಿಳಿಯುವುದಿಲ್ಲ.

ಕಥೆ ಕೇಳಿಸುವ ಪರೀಕ್ಷೆಯಲ್ಲಿ ಬಿಡುವಿನ ಹೊತ್ತಿಗೆ ಅದೇ ಧ್ವನಿಮುದ್ರಣವನ್ನು ಹಿಂದುಮುಂದಾಗಿ ಕೇಳಿಸುತ್ತಾರೆ. ಶಬ್ದ ಅಷ್ಟೇ ಇದ್ದು ಅರ್ಥ ಇಲ್ಲದಿರುವುದರಿಂದ, ಎರಡರ ವ್ಯತ್ಯಾಸದಲ್ಲಿ ಉಳಿಯುವುದು ಅರ್ಥ ಹಿಡಿಯುವ ಭಾಗ ಮಾತ್ರ. ಕಥೆ ಪುಸ್ತಕದ ಕನ್ನಡದಲ್ಲಿದ್ದರೆ ‘ನಮ್ಮ ಕಡೆ ಮಾತಿನಾಗ ಹೇಳ್ರಿ’ ಎಂದು ಕೇಳುವುದು ತಪ್ಪೇನಲ್ಲ. ಮುಂಚಿತವಾಗಿ ತಿಳಿಸಿದರೆ ಒಂದು ದಿನದಲ್ಲಿ ಬೇರೆ ಧ್ವನಿ ಮುದ್ರಿಸಿಕೊಳ್ಳಬಹುದು.

ಪ್ರ: ಮನೆಯಲ್ಲಿ ತೆಲುಗು, ಓದಿದ್ದು ಕನ್ನಡ, ಅಂಗಡಿಯಲ್ಲಿ ಉರ್ದು ಕೂಡ ಬರುತ್ತದೆ. ಯಾವ ಭಾಷೆಯಲ್ಲಿ ಪರೀಕ್ಷೆ ಮಾಡಬೇಕು? ವರದಿಯಲ್ಲಿ ‘ಎಲ್‌ಐ 0.5’ ಅಂತ ಬರೆದಿದ್ದಾರೆ, ಏನದು? — ಬಳ್ಳಾರಿ

ಉ: ಹೆಚ್ಚಿನವರಲ್ಲಿ ಎಲ್ಲ ಭಾಷೆಗಳೂ ಒಂದೇ ಕಡೆ ಇರುತ್ತವೆ. ಆ ಕಡೆಯೊಳಗಿನ ಜಾಗಗಳಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ ಇರಬಹುದು. ಆದ್ದರಿಂದ ಕಡೆ ತಿಳಿಯಲು ನೀವು ಸಲೀಸಾಗಿ ಮಾತಾಡುವ ಒಂದು ಭಾಷೆ ಸಾಕು. ಶಸ್ತ್ರಚಿಕಿತ್ಸೆಯೇ ಮಾತಿನ ಕಡೆ ಆಗುವುದಿದ್ದರೆ ತೆಲುಗು, ಕನ್ನಡ ಎರಡರಲ್ಲೂ ಮಾಡಿಸಿ. ಮನೆಮಾತು, ಓದಿದ ಮಾತು ಎರಡೂ ಉಳಿಯಬೇಕಲ್ಲ. ಉರ್ದುವನ್ನು ಬಾಯಿಮಾತಿನ ಪರೀಕ್ಷೆಯಲ್ಲಿ ನೋಡಿದರೆ ಆಯಿತು. ಒಂದೇ ಸುತ್ತಿನಲ್ಲಿ ಭಾಷೆ ಬೆರೆಸಬೇಡಿ.

ಎಲ್‌ಐ ಎಂದರೆ ಎಡಬಲಗಳ ಸೂಚ್ಯಂಕ. ಎಡಗಡೆ ಬಣ್ಣ ಬಂದ ಬಿಂದುಗಳಿಂದ ಬಲಗಡೆಯವನ್ನು ಕಳೆದು, ಒಟ್ಟಿನಿಂದ ಭಾಗಿಸುವುದು. ಎಡ 640, ಬಲ 210 ಇದ್ದರೆ 430ನ್ನು 850ರಿಂದ ಭಾಗಿಸಿ ಸುಮಾರು 0.5. ಸಾಮಾನ್ಯವಾಗಿ 0.2ಕ್ಕಿಂತ ಮೇಲಿದ್ದರೆ ಎಡ, ಮೈನಸ್ 0.2ಕ್ಕಿಂತ ಕೆಳಗಿದ್ದರೆ ಬಲ, ನಡುವೆ ಇದ್ದರೆ ಎರಡೂ ಕಡೆ ಎಂದು ಓದುತ್ತಾರೆ. ನಿಮ್ಮದು ಎಡ. ಆದರೆ ಬಣ್ಣ ಹಚ್ಚುವ ಮಿತಿಯನ್ನು ಏರಿಸಿ ಇಳಿಸಿದರೆ ಈ ಸಂಖ್ಯೆಯೂ ಬದಲಾಗುತ್ತದೆ. ಹಾಗಾಗಿ ವೈದ್ಯರಿಗೆ ಎರಡು ಪ್ರಶ್ನೆ ಕೇಳಿ: ಹಲವು ಮಿತಿಗಳಲ್ಲಿ ಲೆಕ್ಕ ಹಾಕಿದರೂ ಎಡವೇ ಬರುತ್ತದೆಯೇ? ಹಣೆಯ ಭಾಗಕ್ಕೂ ಟೆಂಪೊರಲ್ ಭಾಗಕ್ಕೂ ಬೇರೆ ಬೇರೆ ಲೆಕ್ಕ ಹಾಕಿದ್ದಾರೆಯೇ? ಪದ ಹುಡುಕುವ ಕೆಲಸ ಮುಖ್ಯವಾಗಿ ಹಣೆಯ ಹಿಂದಿನ ಭಾಗವನ್ನು ಎಬ್ಬಿಸುತ್ತದೆ. ಆಪರೇಷನ್ ಆಗುವುದು ಟೆಂಪೊರಲ್ ಹಾಲೆಯಲ್ಲಿ. ಅಲ್ಲಿಯ ಲೆಕ್ಕಕ್ಕೆ ಕಥೆ ಕೇಳುವ, ಕೇಳಿ ಹೆಸರಿಸುವ ಕೆಲಸವೇ ಬೇಕು.

ಪ್ರ: ನಮ್ಮ ಮನೆಯವರು ತೋರಣಗಲ್ಲಿನಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡುತ್ತಾರೆ. ಸ್ಕ್ಯಾನಿಗೆ ಹೋಗುವಾಗ ಏನೇನು ಜಾಗ್ರತೆ ಬೇಕು? — ಸಂಡೂರು

ಉ: ಕೆಲಸದ ವಿಷಯ ಬರೆದದ್ದು ಒಳ್ಳೆಯದಾಯಿತು. ಕಬ್ಬಿಣದ ಕಿಡಿ ಯಾವಾಗಲಾದರೂ ಕಣ್ಣಿಗೆ ಸಿಡಿದಿತ್ತೇ ಎಂದು ಕೇಳಿ. ಸಿಡಿದಿದ್ದರೆ, ಅಥವಾ ನೆನಪು ಖಚಿತವಿಲ್ಲದಿದ್ದರೆ, ಮೊದಲು ಕಣ್ಣುಗೂಡಿನ ಎಕ್ಸ್‌ರೇ ತೆಗೆಸಬೇಕು. ಕಣ್ಣಲ್ಲಿ ಉಳಿದ ಚೂರನ್ನು ಆಯಸ್ಕಾಂತ ಎಳೆದರೆ ದೃಷ್ಟಿಗೇ ಕುತ್ತು. ಮೂಳೆಗೆ ಹಾಕಿದ ಪ್ಲೇಟು, ಹೃದಯದ ಪೇಸ್‌ಮೇಕರ್, ಕಿವಿಯೊಳಗಿನ ಯಂತ್ರ, ಕತ್ತಿನ ನರಕ್ಕೆ ಹಾಕುವ ವಿಎನ್‌ಎಸ್ ಯಂತ್ರ ಇದ್ದರೆ ಅದರ ಕಾಗದ ಜೊತೆಗಿರಲಿ. ಕೆಲವಕ್ಕೆ ಷರತ್ತಿನ ಮೇಲೆ ಸ್ಕ್ಯಾನ್ ಮಾಡಬಹುದು, ಕೆಲವಕ್ಕೆ ಆಗುವುದೇ ಇಲ್ಲ.

ಜೀನ್ಸ್ ಪ್ಯಾಂಟು ಬೇಡ, ಗುಂಡಿ ರಿವೆಟ್ಟು ಎಲ್ಲ ಲೋಹ. ಹೆಣ್ಣುಮಕ್ಕಳಾದರೆ ಮೂಗುತಿ, ಕಾಲುಂಗುರ, ತಾಳಿ, ಸೀರೆಯ ಪಿನ್ನು, ಹೇರ್‌ಪಿನ್ನು ಎಲ್ಲ ಮನೆಯಲ್ಲೇ ತೆಗೆದಿಡಲಿ. ಎಷ್ಟೋ ವರ್ಷದಿಂದ ತೆಗೆಯದ ಮೂಗುತಿ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಬಿಚ್ಚಲು ಬರುವುದಿಲ್ಲ. ಹಿಂದಿನ ದಿನವೇ ಅಕ್ಕಸಾಲಿಗರ ಹತ್ತಿರ ಹೋಗಿ. ಜರಿ ಸೀರೆ, ಉಡಿದಾರಕ್ಕೆ ಕಟ್ಟಿದ ತಾಯಿತ ಕೂಡ ಬೇಡ. ಹಚ್ಚೆ ಇದ್ದರೆ ಹೇಳಿ. ಹೆಚ್ಚಾಗಿ ತೊಂದರೆಯಾಗದು, ಚರ್ಮ ಬಿಸಿಯೆನಿಸಿದರೆ ಕೈಯಲ್ಲಿ ಕೊಟ್ಟ ರಬ್ಬರ್ ಬುಗ್ಗೆ ಒತ್ತಿದರೆ ನಿಲ್ಲಿಸುತ್ತಾರೆ.

ಮಾತ್ರೆ ತಪ್ಪಿಸಬೇಡಿ. ‘ಸ್ಕ್ಯಾನ್ ಇದೆ, ಖಾಲಿಹೊಟ್ಟೆ’ ಎಂದು ಬೆಳಗಿನ ಮಾತ್ರೆ ಬಿಟ್ಟು ಬರುವವರು ಬಹಳ. ಅರಿವಳಿಕೆ ಕೊಡದ ಫಂಕ್ಷನಲ್ ಎಂಆರ್‌ಐಗೆ ಉಪವಾಸ ಬೇಕಿಲ್ಲ. ಉಪವಾಸ ಹೇಳುವುದು ಪೆಟ್ ಸ್ಕ್ಯಾನಿಗೆ, ಆಗಲೂ ಮಾತ್ರೆಯನ್ನು ನೀರಿನ ಜೊತೆ ತೆಗೆದುಕೊಳ್ಳಬಹುದೇ ಎಂದು ಕೇಳಿಕೊಳ್ಳಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ನಿದ್ದೆಗೆಟ್ಟು ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು ನೇರ ಸ್ಕ್ಯಾನಿಗೆ ಹೋಗುವುದು ಎರಡು ಕಡೆಯಿಂದ ನಷ್ಟ: ನಿದ್ದೆಗೇಡು ಫಿಟ್ಸ್ ತರಿಸುತ್ತದೆ, ಬರದಿದ್ದರೂ ಯಂತ್ರದೊಳಗೆ ತೂಕಡಿಕೆ ಖಚಿತ. ಹಿಂದಿನ ದಿನವೇ ತಲುಪಿ ಮಲಗಿ. ಚಹಾ ಕುಡಿಯುವವರು ಎಂದಿನಷ್ಟೇ ಕುಡಿಯಲಿ. ಕೆಫೀನ್ ಮಿದುಳಿನ ರಕ್ತದ ಹರಿವನ್ನೇ ಬದಲಿಸುತ್ತದೆ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಹಿಂದಿನ 24 ಗಂಟೆಯೊಳಗೆ ಫಿಟ್ಸ್ ಬಂದಿದ್ದರೆ ಮುಚ್ಚಿಡದೆ ಹೇಳಿ. ಫಿಟ್ಸ್ ಆದಮೇಲಿನ ದಣಿವಿನಲ್ಲಿ ಎಡಗಡೆಯ ಮಾತು ಮಂಕಾಗಿ, ಚಿತ್ರ ಬಲಗಡೆಗೆ ವಾಲಿ ಬರಬಹುದು. ಟೋಪಿರಾಮೇಟ್ ನುಂಗುವವರಾದರೆ ಅದನ್ನೂ ತಿಳಿಸಿ. ಪದ ಹುಡುಕುವುದನ್ನು ನಿಧಾನಗೊಳಿಸುವ ಮಾತ್ರೆ ಅದು, ಸ್ಕ್ಯಾನಿನಲ್ಲೂ ಆ ಮಂಕು ಕಾಣುತ್ತದೆ.

ಪ್ರ: ನನ್ನ ಹೆಂಡತಿಗೆ ಕಾರಣವಿಲ್ಲದೆ ಇದ್ದಕ್ಕಿದ್ದಂತೆ ವಿಪರೀತ ಭಯ ಬರುತ್ತದೆ. ಗಾಳಿ ಸೋಕಿದೆ ಅನ್ನುತ್ತಾರೆ. ಈ ಸ್ಕ್ಯಾನಿನಲ್ಲಿ ಭಯದ ಜಾಗ ಸಿಗುತ್ತದೆಯೇ? — ರಾಯಚೂರು

ಉ: ಭಯವೇ ಫಿಟ್ಸ್ ಆಗಿರಬಹುದು. ಟೆಂಪೊರಲ್ ಹಾಲೆಯ ಒಳಮೂಲೆಯಲ್ಲಿ, ಹಿಪೊಕ್ಯಾಂಪಸಿನ ಮುಂದೆ, ಬಾದಾಮಿ ಆಕಾರದ ಅಮಿಗ್ಡಲಾ ಇದೆ. ಭಯದ ಅನುಭವಕ್ಕೆ ಅದರ ಪಾಲು ದೊಡ್ಡದು. ಅಲ್ಲಿಂದ ಫಿಟ್ಸ್ ಹುಟ್ಟಿದರೆ ಭಯವೇ ಮೊದಲ ಲಕ್ಷಣವಾಗಬಹುದು.

ಬೇರ್ಪಡಿಸುವುದು ಹೀಗೆ. ಫಿಟ್ಸಿನ ಭಯ ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಮುಗಿಯುತ್ತದೆ, ಪ್ರತಿಸಲವೂ ಅಚ್ಚು ಹಾಕಿದಂತೆ ಒಂದೇ ತರಹ ಬರುತ್ತದೆ. ಹೊಟ್ಟೆಯಿಂದ ಏನೋ ಮೇಲೇರಿದಂತೆ ಆಗುವುದು, ಮೈ ಜುಮ್ಮೆನ್ನುವುದು, ತುಟಿ ಚಪ್ಪರಿಸುವುದು, ಆಮೇಲೆ ಸ್ವಲ್ಪ ಹೊತ್ತು ತಬ್ಬಿಬ್ಬಾಗುವುದು ಜೊತೆಗಿರಬಹುದು. ಮನಸ್ಸಿನ ಆತಂಕದ ದಾಳಿ ಹತ್ತು ಇಪ್ಪತ್ತು ನಿಮಿಷ ಎಳೆಯುತ್ತದೆ, ನಡೆದದ್ದೆಲ್ಲ ನೆನಪಿರುತ್ತದೆ. ಖಚಿತಪಡಿಸಲು ಬೇಕಾದದ್ದು ಇಇಜಿ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ದಾಖಲಿಸುವ ಪರೀಕ್ಷೆ) ಮತ್ತು ಮೂರ್ಛೆರೋಗಕ್ಕೆಂದೇ ಯೋಜಿಸಿದ ಸಾಮಾನ್ಯ ಎಂಆರ್‌ಐ. ಅರ್ಧ ಗಂಟೆಯ ಇಇಜಿ ಸರಿಯಾಗಿ ಬಂತೆಂದು ಫಿಟ್ಸ್ ಇಲ್ಲ ಎನ್ನಲಾಗದು. ಬೇಕಾದರೆ ವಿಡಿಯೋ ಸಹಿತ ದಿನಗಟ್ಟಲೆ ಇಇಜಿ ಮಾಡುತ್ತಾರೆ. ಲಾಡಿಹುಳುವಿನ ಮರಿ ಮಿದುಳಲ್ಲಿ ಗಂಟುಕಟ್ಟುವುದು ನಮ್ಮಲ್ಲಿ ಫಿಟ್ಸಿಗೆ ಸಾಮಾನ್ಯ ಕಾರಣ, ಅದೂ ಸ್ಕ್ಯಾನಿನಲ್ಲಿ ಕಾಣುತ್ತದೆ. ಫಂಕ್ಷನಲ್ ಎಂಆರ್‌ಐ ರೋಗ ಪತ್ತೆಗೆ ಅಲ್ಲ. ತಾಯಿತ ಕಟ್ಟಿಸುವುದಿದ್ದರೆ ಕಟ್ಟಿಸಿ, ನರರೋಗ ತಜ್ಞರ ಭೇಟಿ ಮಾತ್ರ ಮುಂದಕ್ಕೆ ಹಾಕಬೇಡಿ.

ಪ್ರ: ಟೆಂಪೊರಲ್ ಹಾಲೆಯ ಮೂರ್ಛೆ ಇರುವವರಿಗೆ ಭಯದ ಮುಖಗಳನ್ನು ತೋರಿಸಿ ಫಂಕ್ಷನಲ್ ಎಂಆರ್‌ಐ ಮಾಡುವ ಅಧ್ಯಯನ ನನ್ನ ಸ್ನಾತಕೋತ್ತರ ಪ್ರಬಂಧ. ಅಮಿಗ್ಡಲಾದಲ್ಲಿ ಏನೂ ಬರುತ್ತಿಲ್ಲ. — ವಿದ್ಯಾರ್ಥಿನಿ, ಬಳ್ಳಾರಿ

ಉ: ಅಂಕಿಅಂಶಕ್ಕೆ ಹೋಗುವ ಮೊದಲು ಕಚ್ಚಾ ಇಪಿಐ ಚಿತ್ರಗಳ (ಫಂಕ್ಷನಲ್ ಸ್ಕ್ಯಾನಿನಲ್ಲಿ ವೇಗವಾಗಿ ತೆಗೆದ ಚಿತ್ರಗಳು) ಸರಾಸರಿ ತೆರೆದು ಅಮಿಗ್ಡಲಾದ ಜಾಗ ಬೆಳ್ಳಗಿದೆಯೇ ಕಪ್ಪಾಗಿದೆಯೇ ನೋಡಿ. ಮೂಗಿನ ಹಿಂದಿನ ಗಾಳಿಗೂಡು ಮತ್ತು ಕಿವಿಯ ಮೂಳೆ ಪಕ್ಕದಲ್ಲೇ ಇರುವುದರಿಂದ ಕಾಂತಕ್ಷೇತ್ರ ಅಲ್ಲಿ ಏರುಪೇರಾಗಿ ಸಂಕೇತವೇ ಕಳೆದುಹೋಗುತ್ತದೆ. ಕಪ್ಪಾಗಿದ್ದರೆ ಯಾವ ಲೆಕ್ಕವೂ ಉಳಿಸದು. 3 ಟೆಸ್ಲಾ ಶಕ್ತಿಯ ಯಂತ್ರದಲ್ಲಿ ಟಿಇ (ಸಂಕೇತ ಹಿಡಿಯುವ ಮೊದಲು ಕಾಯುವ ಹೊತ್ತು) 30 ಮಿಲಿಸೆಕೆಂಡ್ ಮೀರದಿರಲಿ. ಸ್ಲೈಸ್ (ಚಿತ್ರದ ಒಂದೊಂದು ಪದರ) ದಪ್ಪ 2ರಿಂದ 2.5 ಮಿಲಿಮೀಟರ್ ಇಡಿ, ಸ್ಲೈಸಿನ ಓರೆ ಬದಲಿಸಿ ನಿಮ್ಮ ಯಂತ್ರದಲ್ಲಿ ಯಾವ ಕೋನಕ್ಕೆ ಸಂಕೇತ ಉಳಿಯುತ್ತದೆಂದು ಆರೋಗ್ಯವಂತರೊಬ್ಬರ ಮೇಲೆ ಮೊದಲೇ ನೋಡಿಕೊಳ್ಳಿ. ಫೀಲ್ಡ್ ಮ್ಯಾಪ್ (ಕಾಂತಕ್ಷೇತ್ರದ ಏರುಪೇರಿನ ನಕ್ಷೆ) ತೆಗೆಯುವುದನ್ನು ಬಿಡಬೇಡಿ. ಅದು ಚಿತ್ರದ ಸೊಟ್ಟ ತಿದ್ದುತ್ತದೆ, ಕಳೆದ ಸಂಕೇತ ಮಾತ್ರ ಮರಳದು.

ಜಾಗ ಬೆಳ್ಳಗಿದ್ದೂ ಏನೂ ಬಾರದಿದ್ದರೆ ಕೆಲಸವನ್ನು ಅನುಮಾನಿಸಿ. ಒಂದೇ ಮುಖಗಳನ್ನು ಮತ್ತೆಮತ್ತೆ ತೋರಿಸಿದರೆ ಅಮಿಗ್ಡಲಾ ಕೆಲವೇ ನಿಮಿಷದಲ್ಲಿ ಪಳಗಿಬಿಡುತ್ತದೆ, ಎರಡನೇ ಅರ್ಧದಲ್ಲಿ ಉತ್ತರವೇ ಇರುವುದಿಲ್ಲ. ಸುತ್ತುಗಳು ಚಿಕ್ಕವಿರಲಿ, ಮುಖಗಳು ಬೇರೆಬೇರೆ ಇರಲಿ, ಮೊದಲರ್ಧ ಎರಡನೇ ಅರ್ಧ ಪ್ರತ್ಯೇಕವಾಗಿ ಲೆಕ್ಕ ಹಾಕಿ. ಹೋಲಿಕೆಗೆ ಭಾವವಿಲ್ಲದ ಮುಖ ಇಟ್ಟರೆ ಅಂತರ ಸಣ್ಣದು: ಆತಂಕದ ಸ್ವಭಾವದವರಿಗೆ ಅದೂ ಬೆದರಿಕೆಯಾಗಿ ಕಾಣುತ್ತದೆ. ವೃತ್ತ, ಅಂಡಾಕಾರಗಳನ್ನು ಹೊಂದಿಸುವ ಕೆಲಸ ಇಟ್ಟರೆ ಅಂತರ ದೊಡ್ಡದು, ಆದರೆ ಅದು ಭಯದ್ದೋ ಮುಖದ್ದೋ ಎಂದು ಹೇಳಲಾರಿರಿ. ಎರಡನ್ನೂ ಸೇರಿಸುವುದು ಲೇಸು. ಪರದೇಶದ ಮುಖಗಳಲ್ಲಿ ಭಯವನ್ನು ಆಶ್ಚರ್ಯವೆಂದು ಓದುವವರು ಇರುತ್ತಾರೆ, ಸ್ಕ್ಯಾನಿಗೆ ಮೊದಲೇ ಹೆಸರಿಸಲು ಹೇಳಿ ನೋಡಿ.

ಸ್ಮೂದಿಂಗ್ (ಪಕ್ಕದ ಬಿಂದುಗಳನ್ನು ಬೆರೆಸಿ ಚಿತ್ರ ನಯಗೊಳಿಸುವುದು) 8 ಮಿಲಿಮೀಟರ್ ಹಾಕಿದ್ದರೆ 4ಕ್ಕೆ ಇಳಿಸಿ. ಅಷ್ಟು ಪುಟ್ಟ ಅಂಗ ಪಕ್ಕದ ರಕ್ತನಾಳದ ಜೊತೆ ಕಲಸಿಹೋಗುತ್ತದೆ. ಹಿಪೊಕ್ಯಾಂಪಸ್ ಕುಗ್ಗಿದವರ ಮಿದುಳನ್ನು ಮಾದರಿ ಮಿದುಳಿಗೆ ಹೊಂದಿಸುವಾಗ ಅಮಿಗ್ಡಲಾದ ಗಡಿ ಜರುಗುವುದರಿಂದ ಪ್ರತಿಯೊಬ್ಬರ ಟಿ1 (ಮಿದುಳಿನ ಆಕಾರ ತೋರಿಸುವ) ಚಿತ್ರದ ಮೇಲೆ ಗಡಿಯನ್ನು ಕೈಯಿಂದಲೇ ಬರೆಯಿರಿ. ಫಿಟ್ಸ್ ಎಡಗಡೆಯಿಂದ ಹುಟ್ಟುವವರನ್ನೂ ಬಲಗಡೆಯಿಂದ ಹುಟ್ಟುವವರನ್ನೂ ಒಂದೇ ಗುಂಪಿಗೆ ತಳ್ಳಬೇಡಿ. ಖಿನ್ನತೆ, ಆತಂಕದ ಅಂಕ ಮತ್ತು ಮಾತ್ರೆಗಳ ಪಟ್ಟಿ ಇಲ್ಲದೆ ಈ ಪ್ರಬಂಧ ನಿಲ್ಲುವುದಿಲ್ಲ. ಇಷ್ಟೆಲ್ಲ ಆದಮೇಲೂ ಫಲಿತಾಂಶ ಗುಂಪಿನ ಮಾತಾಗುತ್ತದೆ. ಒಬ್ಬ ರೋಗಿಯ ಅಮಿಗ್ಡಲಾ ಚಿತ್ರ ಹಿಡಿದು ಆಪರೇಷನ್ ನಂತರ ಅವರ ಮನಸ್ಸು ಹೇಗಿರುತ್ತದೆ ಎಂದು ಹೇಳುವ ಹಂತಕ್ಕೆ ಈ ವಿದ್ಯೆ ಬಂದಿಲ್ಲ.

ಪ್ರ: ಆಪರೇಷನ್ ಆದರೆ ಮಗ ನಗುವುದು, ಪ್ರೀತಿ ತೋರಿಸುವುದು ಮರೆತುಬಿಡುತ್ತಾನೆಯೇ? — ಕುಷ್ಟಗಿ

ಉ: ಇಲ್ಲ. ಒಂದು ಬದಿಯ ಅಮಿಗ್ಡಲಾ ತೆಗೆದರೂ ಇನ್ನೊಂದು ಬದಿಯದು ಇರುತ್ತದೆ. ಬೇರೆಯವರ ಮುಖದಲ್ಲಿ ಭಯ ಗುರುತಿಸುವುದು ಕೆಲವರಿಗೆ ತುಸು ಕಷ್ಟವಾಗುತ್ತದೆ, ಹಲವರಿಗೆ ಅದು ಆಪರೇಷನ್ನಿಗೆ ಮೊದಲೂ ಇರುತ್ತದೆ. ಮೊದಲ ಕೆಲ ತಿಂಗಳು ಮಾತ್ರ ಗಮನವಿಡಿ: ಸಣ್ಣದಕ್ಕೆ ಅಳು, ಸಿಟ್ಟು, ನಿದ್ದೆ ಬಾರದಿರುವುದು, ಸಾಯುವ ಮಾತು. ಫಿಟ್ಸ್ ನಿಂತ ಮೇಲೂ ಖಿನ್ನತೆ ಬರಬಹುದು, ಅದಕ್ಕೆ ಚಿಕಿತ್ಸೆ ಇದೆ, ಸಾಯುವ ಮಾತು ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಎಡಬದಿಯ ಆಪರೇಷನ್ ಆದವರಲ್ಲಿ ಮೂವರಲ್ಲಿ ಒಬ್ಬರಿಗಾದರೂ ವಸ್ತುಗಳ ಹೆಸರು ನಾಲಿಗೆ ತುದಿಯಲ್ಲಿ ನಿಲ್ಲುವ ತೊಂದರೆ ಉಳಿಯಬಹುದು. ತೂಗಿ ನೋಡಲು ಇನ್ನೊಂದು ತಟ್ಟೆಯ ಲೆಕ್ಕ: 2001ರಲ್ಲಿ ಪ್ರಕಟವಾದ, 80 ಜನರ ಕೆನಡಾ ಅಧ್ಯಯನದಲ್ಲಿ ವರ್ಷದ ಕೊನೆಗೆ ಎಚ್ಚರ ತಪ್ಪಿಸುವ ಫಿಟ್ಸ್ ಇಲ್ಲದವರು ಆಪರೇಷನ್ ಗುಂಪಿನಲ್ಲಿ ನೂರಕ್ಕೆ 58, ಬರೀ ಮಾತ್ರೆಯ ಗುಂಪಿನಲ್ಲಿ 8.

ಮಗನ ಸಿಡುಕು ಈಗಲೇ ಹೆಚ್ಚಿದ್ದರೆ, ಲೆವೆಟಿರಾಸೆಟಮ್ ಮಾತ್ರೆ ಶುರುವಾದ ಮೇಲೆ ಹೆಚ್ಚಾಯಿತೇ ನೆನಪಿಸಿಕೊಳ್ಳಿ. ಅದರ ಪರಿಚಿತ ಅಡ್ಡಪರಿಣಾಮ ಅದು. ನೀವಾಗಿ ನಿಲ್ಲಿಸದೆ ವೈದ್ಯರ ಗಮನಕ್ಕೆ ತನ್ನಿ.

ಪ್ರ: ಸಂಶೋಧನೆಗೆ ಸಹಿ ಕೇಳುತ್ತಿದ್ದಾರೆ. ಹಾಕಬಹುದೇ? — ಸಿಂಧನೂರು

ಉ: ಓದಿ, ಇಲ್ಲವೇ ಓದಿಸಿ ಕೇಳಿ ಹಾಕಿ. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ನೈತಿಕ ಸಮಿತಿಯ ಅನುಮತಿ ಇರಬೇಕು, ಒಂದು ಪ್ರತಿ ನಿಮಗೆ ಕೊಡಬೇಕು. ಸಂಶೋಧನೆಗಾಗಿಯೇ ಮಾಡುವ ಸ್ಕ್ಯಾನಿಗೆ ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ನಡುವೆ ಬಿಟ್ಟರೂ ಚಿಕಿತ್ಸೆ ನಿಲ್ಲುವಂತಿಲ್ಲ. ಆಕಸ್ಮಿಕವಾಗಿ ಬೇರೆ ಕಾಯಿಲೆ ಕಂಡರೆ ತಿಳಿಸುತ್ತೀರಾ ಎಂದು ಮೊದಲೇ ಕೇಳಿ.

ಪ್ರ: ದೊಡ್ಡ ಆಸ್ಪತ್ರೆಯ ದಿನಾಂಕ ಇನ್ನೂ ದೂರ ಇದೆ. ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು ಏನಾದರೂ ಇದೆಯೇ? — ಯಲಬುರ್ಗಾ

ಉ: ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಮೊದಲು ರೋಗಿಯನ್ನು ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡುವ ಗೋಜೂ ಬೇಡ. ಐದು ನಿಮಿಷ ದಾಟಿದರೆ ವಿಡಿಯೋ ಬಿಟ್ಟು ಆಂಬುಲೆನ್ಸಿಗೆ ಫೋನ್ ಮಾಡಿ. ಮುಖ, ಎರಡೂ ಕೈ ಕಾಣುವಂತೆ ದೂರದಿಂದ ಹಿಡಿಯಿರಿ, ಫಿಟ್ಸ್ ನಿಂತಿತೆಂದು ಕ್ಯಾಮೆರಾ ಆರಿಸಬೇಡಿ. ಮಾತಿನ ಸುಳಿವು ಸಿಗುವುದು ಆಮೇಲಿನ ನಿಮಿಷಗಳಲ್ಲಿ. ಕಣ್ಣು ಬಿಟ್ಟ ಕೂಡಲೇ ಒಂದು ಸಣ್ಣ ವಾಕ್ಯ ಓದಲು, ಓದು ಬರದವರಾದರೆ ನೀವು ಹೇಳಿದ ವಾಕ್ಯವನ್ನು ತಿರುಗಿ ಹೇಳಲು ಕೇಳಿ. ಹದಿನೈದು ಸೆಕೆಂಡಿಗೊಮ್ಮೆ ಅದೇ ವಾಕ್ಯ ಕೇಳುತ್ತಿರಿ. ಪೆನ್ನು, ಚಮಚ ಹಿಡಿದು ಹೆಸರು ಕೇಳಿ. ಸರಿಯಾಗಿ ಹೇಳಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಫಿಟ್ಸ್ ಮಾತಿನ ಕಡೆಯಿಂದಲೇ ಹುಟ್ಟಿರುವ ಸಂಭವ ಹೆಚ್ಚು, ಬೇಗ ಹೇಳಿದರೆ ಎದುರು ಕಡೆಯ ಸಂಭವ. ಯಾವ ಭಾಷೆಯಲ್ಲಿ ಕೇಳಿದಿರಿ, ಯಾವುದರಲ್ಲಿ ಮೊದಲು ಉತ್ತರ ಬಂತು ಎಂಬುದನ್ನೂ ದಿನಾಂಕ, ಗಂಟೆಯ ಜೊತೆ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ, ಆಸ್ಪತ್ರೆಗೆ ಹೋಗುವಾಗ ಫೋನಿನ ಜೊತೆ ಅದನ್ನೂ ಒಯ್ಯಿರಿ.